ಫ್ಲ್ಯಾಂಜುಗಳ ನಡುವಿನ ಬಳೆ: ಇಂಚಿನ ಲೆಕ್ಕದ ವ್ಯಾಪಾರ ಸಾಲದು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ವಾಣಿಜ್ಯವೆಂದರೆ ಮುಖ್ಯವಾಗಿ ಭತ್ತ, ಮೆಕ್ಕೆಜೋಳ ಮತ್ತು ಅಡಿಕೆಯ ವಾಣಿಜ್ಯ. ಅಡಿಕೆಯನ್ನು ತೆರೆದ ಹಂಡೆಯಲ್ಲಿ ಬೇಯಿಸುತ್ತಾರೆ. ಆವಿಯು ತನ್ನ ಪಾಡಿಗೆ ತಾನು ಮೇಲೇರಿ ಹೋಗುತ್ತದೆ. ಭತ್ತವನ್ನು ಬೇಯಿಸಿ ಕುಸುಬಲಕ್ಕಿ ಮಾಡುವ ಗಿರಣಿಯ ಸ್ಥಿತಿ ಹಾಗಲ್ಲ. ಅಲ್ಲಿ ಆವಿಯು ಬಾಯ್ಲರಿನಿಂದ ಕೊಳವೆಯ ಮೂಲಕ ಬೇಯಿಸುವ ತೊಟ್ಟಿಗೂ ಒಣಗಿಸುವ ಯಂತ್ರಕ್ಕೂ ಒತ್ತಡದಲ್ಲಿ ಹರಿಯಬೇಕು. ಆ ಕೊಳವೆಯ ಪ್ರತಿಯೊಂದು ಕೂಡುಸ್ಥಳದಲ್ಲಿ ಎರಡು ಫ್ಲ್ಯಾಂಜುಗಳು ಎದುರುಬದುರಾಗಿ ನಿಲ್ಲುತ್ತವೆ, ಅವುಗಳ ನಡುವೆ ಒಂದು ಗ್ಯಾಸ್ಕೆಟ್ ಕೂರುತ್ತದೆ. ಬಾಯ್ಲರಿಗೆ ಲಕ್ಷಾಂತರ ರೂಪಾಯಿ ವ್ಯಯಿಸುವ ಉದ್ಯಮಿಯು ಈ ಗ್ಯಾಸ್ಕೆಟ್ಟಿನ ಖರೀದಿಯನ್ನು ಮಾತ್ರ ಸೈಕಲ್ ಕೊಟ್ಟು ಹುಡುಗನೊಬ್ಬನನ್ನು ಅಂಗಡಿಗೆ ಅಟ್ಟುವ ಕೆಲಸವೆಂದು ಭಾವಿಸಿರುವುದು ವಿಷಾದನೀಯ.

ಪರಂಪರಾಗತವಾಗಿ ನಮ್ಮ ಗಿರಣಿಗಳಲ್ಲಿ ಬಳಕೆಯಲ್ಲಿರುವುದು ಒತ್ತಿದ ಆಸ್ಬೆಸ್ಟಾಸ್ ನಾರಿನ ಹಾಳೆ. ಭಾರತೀಯ ಮಾನಕ 2712 ಈ ಹಾಳೆಗೆ ಸಂಬಂಧಿಸಿದುದೇ ಆಗಿದೆ. ಹಾಳೆಯನ್ನು ಫ್ಲ್ಯಾಂಜಿನ ಮೇಲಿಟ್ಟು, ಅಂಚಿನ ಸುತ್ತ ಸುತ್ತಿಗೆಯಿಂದ ತಟ್ಟಿ ಕತ್ತರಿಸಿಕೊಳ್ಳುವುದು ಫಿಟ್ಟರುಗಳ ರೂಢಿ. ಇದರಿಂದ ಎರಡು ಹಾನಿಗಳಾಗುತ್ತವೆ. ಫ್ಲ್ಯಾಂಜಿನ ಒಳ ಅಂಚು ಜಜ್ಜಿಹೋಗುತ್ತದೆ; ನಾರಿನ ದೂಳು ತಟ್ಟುವವನ ಮೂಗಿಗೆ ಸೇರುತ್ತದೆ. ಆಸ್ಬೆಸ್ಟಾಸ್ ಕ್ಯಾನ್ಸರಿಗೆ ಕಾರಣವೆಂಬುದು ಈಗ ವಾದದ ವಿಷಯವಲ್ಲ. ಈ ನಾರಿನ ಉದ್ಯಮದಲ್ಲಿ ದುಡಿಯುವವರ ಆರೋಗ್ಯದ ದಾಖಲೆಗಳನ್ನು ಹಲವು ದಶಕಗಳ ಕಾಲ ಕಾಯ್ದಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಆದೇಶಿಸಿತ್ತು. ಆದರೆ ಆ ಆದೇಶದ ನೆರಳು ತಾಲ್ಲೂಕು ಕೇಂದ್ರದ ಫಿಟ್ಟರನ ಮೇಲೆ ಬಿದ್ದೀತೆಂದು ನಂಬುವುದು ಕಷ್ಟ.

ಹೀಗಾಗಿ ಈಚಿನ ವರ್ಷಗಳಲ್ಲಿ ಲೋಹದ ಬಳೆಯುಳ್ಳ ಗ್ಯಾಸ್ಕೆಟ್ಟುಗಳ ಕಡೆಗೆ ಗಿರಣಿ ಮಾಲೀಕರು ಒಲವು ತೋರುತ್ತಿದ್ದರೆ ಅದು ಸ್ವಾಗತಾರ್ಹ. ಇವುಗಳಲ್ಲಿ ಹೆಚ್ಚು ಪ್ರಚಲಿತವಾದುದು ಸುರುಳಿ ಗ್ಯಾಸ್ಕೆಟ್. ತೆಳುವಾದ ಸ್ಟೇನ್‌ಲೆಸ್ ಉಕ್ಕಿನ ಪಟ್ಟಿಯನ್ನೂ ಗ್ರಾಫೈಟ್ ಪಟ್ಟಿಯನ್ನೂ ಜೊತೆಯಾಗಿ ಸುರುಳಿ ಸುತ್ತಿ, ಹೊರಗಡೆ ಒಂದು ಉಕ್ಕಿನ ಬಳೆಯನ್ನು ತೊಡಿಸಿರುತ್ತಾರೆ. ಎತ್ತಿನ ಗಾಡಿಯ ಚಕ್ರವನ್ನು ನೋಡಿದವರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಮರದ ಚಕ್ರ ಬಿಚ್ಚಿಹೋಗದಂತೆ ಕಬ್ಬಿಣದ ಪಟ್ಟಿ ಹಿಡಿದಿಡುವ ಹಾಗೆ, ಆವಿಯ ಒತ್ತಡಕ್ಕೆ ಸುರುಳಿ ಹೊರಕ್ಕೆ ಸಿಡಿಯದಂತೆ ಬಳೆ ತಡೆಯುತ್ತದೆ. ಗ್ಯಾಸ್ಕೆಟ್ಟನ್ನು ಫ್ಲ್ಯಾಂಜಿನ ನಟ್ಟನಡುವೆ ಕೂರಿಸುವ ಕೆಲಸವೂ ಬಳೆಯದೇ. ಬಳೆ ಮಿತಿಯನ್ನೂ ತೋರಿಸುತ್ತದೆ: ಸಾಮಾನ್ಯವಾಗಿ ಸುರುಳಿಯ ದಪ್ಪ 4.5 ಮಿ.ಮೀ., ಬಳೆಯ ದಪ್ಪ ಸುಮಾರು 3 ಮಿ.ಮೀ. ಸುರುಳಿಯನ್ನು ಬಳೆಯ ಮಟ್ಟಕ್ಕೆ ಸಮೀಪ ತಂದ ಮೇಲೆ ಮತ್ತೆ ಬಿಗಿಯುವ ಅಗತ್ಯವಿಲ್ಲ.

ತೊಡಕಿರುವುದು ಇಲ್ಲಿಂದ ಮುಂದೆ. ಹಾಳೆಯನ್ನು ಇದ್ದ ಫ್ಲ್ಯಾಂಜಿಗೆ ತಕ್ಕಂತೆ ಕತ್ತರಿಸಿಕೊಳ್ಳಬಹುದಿತ್ತು. ಬಳೆಯುಳ್ಳ ಗ್ಯಾಸ್ಕೆಟ್ ಕಾರ್ಖಾನೆಯಿಂದಲೇ ಅಳತೆಗೊಂಡು ಬರುತ್ತದೆ. ‘ಎರಡು ಇಂಚಿನದು ಕೊಡಿ’ ಎಂಬ ಮಾತು ಹಾಳೆಗೆ ಸಾಕಾಗುತ್ತಿತ್ತು, ಬಳೆಗೆ ಸಾಲದು. ಉದಾಹರಣೆಗೆ, ಅಮೆರಿಕನ್ ಮಾನಕದ 150 ದರ್ಜೆಯ ಎರಡು ಇಂಚಿನ ಫ್ಲ್ಯಾಂಜಿಗೆ ನಾಲ್ಕು ಬೋಲ್ಟುಗಳು, 300 ದರ್ಜೆಯದಕ್ಕೆ ಎಂಟು; ಹೊರಬಳೆಯ ವ್ಯಾಸ ಮೊದಲನೆಯದರಲ್ಲಿ 104.8 ಮಿ.ಮೀ., ಎರಡನೆಯದರಲ್ಲಿ 111.1 ಮಿ.ಮೀ. ಎರಡೂ ‘ಎರಡು ಇಂಚಿನವೇ’.

ಇದಕ್ಕಿಂತ ದೊಡ್ಡ ತೊಂದರೆ ಹಳೆಯ ಗಿರಣಿಗಳದು. ಅವುಗಳ ಕೊಳವೆಗಳಲ್ಲಿ ಬ್ರಿಟಿಷ್ ಕಾಲದ ಟೇಬಲ್ ಇ, ಟೇಬಲ್ ಎಫ್ ಮಾದರಿಯ ಫ್ಲ್ಯಾಂಜುಗಳು ಇರುವುದುಂಟು. ಎರಡು ಇಂಚಿನ ಟೇಬಲ್ ಇ ಫ್ಲ್ಯಾಂಜಿನ ಹೊರವ್ಯಾಸವೂ ಅಮೆರಿಕನ್ 150 ದರ್ಜೆಯ ಫ್ಲ್ಯಾಂಜಿನ ಹೊರವ್ಯಾಸವೂ ಒಂದೇ, ಆರು ಇಂಚು. ಬೋಲ್ಟುಗಳ ಸಂಖ್ಯೆಯೂ ಒಂದೇ. ಕಣ್ಣಿಗೆ ಎರಡೂ ಅವಳಿಗಳಂತೆ ಕಾಣುತ್ತವೆ. ಆದರೆ ಬೋಲ್ಟುಗಳ ವೃತ್ತದ ವ್ಯಾಸ ಟೇಬಲ್ ಇ ಮಾದರಿಯಲ್ಲಿ 114.3 ಮಿ.ಮೀ., ಅಮೆರಿಕನ್ ಮಾದರಿಯಲ್ಲಿ 120.7 ಮಿ.ಮೀ. ಹದಿನಾರು ಮಿ.ಮೀ. ಬೋಲ್ಟಿನ ದಪ್ಪವನ್ನು ಕಳೆದರೆ ಟೇಬಲ್ ಇ ಫ್ಲ್ಯಾಂಜಿನ ಬೋಲ್ಟುಗಳ ನಡುವೆ ಉಳಿಯುವ ಜಾಗ ಸುಮಾರು 98 ಮಿ.ಮೀ. ಮಾತ್ರ. 104.8 ಮಿ.ಮೀ. ಬಳೆ ಅಲ್ಲಿ ಹೇಗೆ ಕೂತೀತು? ಕೂರದಿದ್ದಾಗ ಫಿಟ್ಟರನು ಬಳೆಯ ಅಂಚನ್ನು ಗ್ರೈಂಡರಿನಿಂದ ಸವೆಸುತ್ತಾನೆ, ಇಲ್ಲವೇ ಬಳೆಯನ್ನೇ ಕಿತ್ತೆಸೆದು ಬರಿಯ ಸುರುಳಿಯನ್ನು ಇಡುತ್ತಾನೆ. ಯಾವ ರಕ್ಷಣೆಗಾಗಿ ಹೆಚ್ಚು ಹಣ ತೆತ್ತರೋ ಆ ರಕ್ಷಣೆಯೇ ಆಗ ಇಲ್ಲವಾಗುತ್ತದೆ. ಟೇಬಲ್ ಎಫ್ ಫ್ಲ್ಯಾಂಜಿನಲ್ಲಿ ಇದರ ವಿರುದ್ಧ: ಅಲ್ಲಿ ವೃತ್ತದ ವ್ಯಾಸ 127 ಮಿ.ಮೀ., ಬಳೆ ಸಡಿಲವಾಗಿ ಒಂದು ಪಕ್ಕಕ್ಕೆ ಜಾರಿ ಕೂರುತ್ತದೆ.

ಈ ದೋಷವನ್ನು ಫಿಟ್ಟರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೊಳ್ಳುವವರು ಕೇಳಲಿಲ್ಲ, ಮಾರುವವರು ಹೇಳಲಿಲ್ಲ. ಬಳೆಯ ಮೇಲೆ ತಯಾರಕರ ಹೆಸರು, ಅಳತೆ, ದರ್ಜೆ, ಸುರುಳಿಯ ಲೋಹ, ತುಂಬಿದ ವಸ್ತು ಮತ್ತು ಎ.ಎಸ್.ಎಂ.ಇ. ಬಿ 16.20 ಎಂಬ ಮಾನಕದ ಗುರುತು ಅಚ್ಚಾಗಿರಬೇಕು. ಬಳೆಯ ಹೊರ ಅಂಚಿನ ಬಣ್ಣವೂ ಸಂಕೇತವೇ: ಹಳದಿಯಿದ್ದರೆ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು, ಹಸಿರಿದ್ದರೆ 316, ಅದರ ಮೇಲೆ ಬೂದು ಗೆರೆಗಳಿದ್ದರೆ ಗ್ರಾಫೈಟ್, ಬಿಳಿ ಗೆರೆಗಳಿದ್ದರೆ ಟೆಫ್ಲಾನ್. ಆವಿಗೆ ಬೇಕಾದುದು ಬೂದು ಗೆರೆಯದು. ಈ ಮಾನಕದ 2007ರ ಪರಿಷ್ಕರಣೆಯ ಬಳಿಕ, ಕೊಳ್ಳುವವರು ಬೇಡವೆಂದು ಹೇಳದ ಹೊರತು ಗ್ರಾಫೈಟ್ ತುಂಬಿದ ಸುರುಳಿಗೆ ಒಳಬಳೆಯೂ ಇರಬೇಕೆಂಬ ನಿಯಮ ಬಂದಿದೆ. ಒಳಬಳೆಯಿಲ್ಲದಿದ್ದರೆ ಬಿಗಿಯುವಾಗ ಸುರುಳಿ ಕೊಳವೆಯ ಒಳಕ್ಕೆ ಮಡಿಚಿಕೊಳ್ಳುವ ಸಂಭವವಿದೆ. ಯಾವ ಗುರುತೂ ಇಲ್ಲದ, ಬಣ್ಣವೂ ಇಲ್ಲದ ಮಾಲು ಅಗ್ಗದ ದರದಲ್ಲಿ ದೊರೆತರೆ ಅದನ್ನು ಲಾಭವೆಂದು ಎಣಿಸುವ ವ್ಯಾಪಾರಿಯು ತನ್ನ ಗಿರಾಕಿಯನ್ನು ಕಳೆದುಕೊಳ್ಳುವ ದಿನ ದೂರವಿಲ್ಲ.

ಎಲ್ಲ ಕಡೆಯೂ ಲೋಹದ ಬಳೆಯೇ ಬೇಕೆಂಬ ಉತ್ಸಾಹವೂ ತಪ್ಪು. ಎರಕದ ಕಬ್ಬಿಣದ ಕವಾಟಗಳ ಫ್ಲ್ಯಾಂಜಿಗೆ ಸುರುಳಿ ಗ್ಯಾಸ್ಕೆಟ್ ಸಲ್ಲದು. ಸುರುಳಿಯು ಕೇಳುವ ಬಿಗಿತಕ್ಕೆ ಎರಕದ ಫ್ಲ್ಯಾಂಜು ಬಿರುಕು ಬಿಡಬಹುದು. ಅಲ್ಲಿ ಇಡೀ ಮುಖವನ್ನು ಆವರಿಸುವ ಮೆದು ಹಾಳೆಯೇ ಸರಿ. ನೀರಿನ ಕೊಳವೆಗೂ, ಒತ್ತಡ ಇಳಿಸಿದ ಮೇಲಿನ ತೊಟ್ಟಿಯ ಕೊಳವೆಗೂ ಆಸ್ಬೆಸ್ಟಾಸ್ ಇಲ್ಲದ ಉತ್ತಮ ಹಾಳೆ ಧಾರಾಳವಾಗಿ ಸಾಕು. ಬಾಯ್ಲರಿನ ಮುಖ್ಯ ಕವಾಟದಿಂದ ಒತ್ತಡ ಇಳಿಸುವ ಕವಾಟದವರೆಗಿನ ಉಕ್ಕಿನ ಫ್ಲ್ಯಾಂಜುಗಳೇ ಬಳೆಯ ನಿಜವಾದ ಸ್ಥಾನ. ನಾಲ್ಕು ಇಂಚಿನ ಕೊಳವೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 10 ಕೆ.ಜಿ. ಒತ್ತಡವಿದ್ದರೆ, ಎರಡು ಫ್ಲ್ಯಾಂಜುಗಳನ್ನು ಬೇರ್ಪಡಿಸಲು ಆವಿಯು ಒಂದು ಸಾವಿರ ಕೆ.ಜಿ.ಗೂ ಮಿಕ್ಕ ಬಲ ಹಾಕುತ್ತಿರುತ್ತದೆ. ಹತ್ತು ಕ್ವಿಂಟಲ್ ಚೀಲಗಳ ಭಾರ. ಆವಿಯ ಉಷ್ಣತೆ ಆಗ ಸುಮಾರು 184 ಡಿಗ್ರಿ ಸೆಂಟಿಗ್ರೇಡ್. ಹಾಳೆಯ ಒಂದು ಚೂರು ಸಿಡಿದರೆ ಎದುರಿಗೆ ನಿಂತವನ ಗತಿಯನ್ನು ಹೇಳಬೇಕಾಗಿಲ್ಲ. ಅಲ್ಲಿ ನಿಂತಿರುವವನು ಮಾಲೀಕನಲ್ಲ, ದಿನಗೂಲಿಯ ಬೆಂಕಿಯವನು.

ಜೋಡಿಸುವ ಕ್ರಮದ ಬಗ್ಗೆ ಇರುವ ಅಲಕ್ಷ್ಯವೂ ಕಡಿಮೆಯದಲ್ಲ. ಸುರುಳಿ ಸರಿಯಾಗಿ ಕೂರಬೇಕಾದರೆ ಹಾಳೆಗಿಂತ ಹಲವು ಪಟ್ಟು ಒತ್ತು ಬೇಕು. ಎರಡು ಇಂಚಿನ 150 ದರ್ಜೆಯ ಸುರುಳಿಯ ಇಡೀ ಮೈಮೇಲೆ ಲೆಕ್ಕ ಹಾಕಿದರೆ ನಾಲ್ಕು ಬೋಲ್ಟುಗಳಲ್ಲಿ ಒಂದೊಂದರ ಪಾಲಿಗೂ ಮೂರು ಟನ್ನಿಗೂ ಹೆಚ್ಚಿನ ಎಳೆತ ಬರುತ್ತದೆ. ಪೇಟೆಯಲ್ಲಿ ತೂಕಕ್ಕೆ ದೊರೆಯುವ 4.6 ದರ್ಜೆಯ 16 ಮಿ.ಮೀ. ಬೋಲ್ಟು ಸುಮಾರು 3.8 ಟನ್ನಿಗೆ ಹಿಗ್ಗತೊಡಗುತ್ತದೆ. ಅಂತರ ಬಹಳ ಕಿರಿದು. ಬಿಸಿಯಾಗಿ ತಣ್ಣಗಾಗುವ ಕೊಳವೆಯಲ್ಲಿ ಅದು ಉಳಿಯದು. ಬಿ 7 ದರ್ಜೆಯ ಬೋಲ್ಟು ಹಾಕದೆ ಸುರುಳಿ ಗ್ಯಾಸ್ಕೆಟ್ ಹಾಕುವುದು, ಒಳ್ಳೆಯ ಬೀಗ ತಂದು ಗೆದ್ದಲು ಹಿಡಿದ ಬಾಗಿಲಿಗೆ ಜಡಿದಂತೆ.

ಫ್ಲ್ಯಾಂಜಿನ ಮುಖವೂ ಮುಖ್ಯವೇ. ಕನ್ನಡಿಯಂತೆ ನುಣುಪಾಗಿದ್ದರೂ ತೊಂದರೆ, ಅಡ್ಡಗೀರು ಬಿದ್ದಿದ್ದರೂ ತೊಂದರೆ. ಲೇಥಿನಲ್ಲಿ ತಿರುಗಿಸಿದ ಸಣ್ಣ ಸುತ್ತುಗೆರೆಗಳಿರಬೇಕು. ಬಳ್ಳಿಗಾವಿಯ ಕೇದಾರೇಶ್ವರ, ಕುಬಟೂರಿನ ಕೈಟಭೇಶ್ವರ ದೇವಾಲಯಗಳಲ್ಲಿ ಕಡೆದ ಕಂಬಗಳನ್ನು ನಿಲ್ಲಿಸಿದ ಸೀಮೆಯಿದು. ಇಲ್ಲಿನ ವರ್ಕ್‌ಶಾಪುಗಳಿಗೆ ಒಂದು ಫ್ಲ್ಯಾಂಜಿನ ಮುಖ ಕಡೆಯುವುದು ಅಸಾಧ್ಯವೇನಲ್ಲ, ಕೇಳುವವರು ಬೇಕು ಅಷ್ಟೇ. ಮುಖವನ್ನು ಒರೆಸಿ, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ತೆಗೆದು, ಸಫೇದವಾಗಲಿ ಗ್ರೀಸಾಗಲಿ ಗ್ಯಾಸ್ಕೆಟ್ಟಿಗೆ ಹಚ್ಚದೆ, ಎಣ್ಣೆಯನ್ನು ಬೋಲ್ಟಿನ ಮರೆಗೂ ನಟ್ಟಿನ ತಳಕ್ಕೂ ಮಾತ್ರ ಹಚ್ಚಿ ಜೋಡಿಸಬೇಕು. ಬಿಗಿಯುವುದು ಎದುರುಬದುರು ಬೋಲ್ಟುಗಳ ಕ್ರಮದಲ್ಲಿ, ಮೂರು ಸುತ್ತಿನಲ್ಲಿ: ಮೊದಲು ಮೂರನೆಯ ಒಂದು ಪಾಲು, ಆಮೇಲೆ ಮೂರನೆಯ ಎರಡು, ಕಡೆಗೆ ಪೂರ್ತಿ. ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ ಇಬ್ಬರು ಜೋಲುವ ಪದ್ಧತಿಯಿಂದ ಬಿಗಿತದ ಅಳತೆ ಯಾರಿಗೂ ತಿಳಿಯುವುದಿಲ್ಲ. ಒಮ್ಮೆ ಬಿಚ್ಚಿದ ಸುರುಳಿಯನ್ನು ಮತ್ತೆ ಬಳಸಕೂಡದು.

ಖರ್ಚಿನ ಮಾತು ಬಂದೇ ಬರುತ್ತದೆ. ಸುರುಳಿ ಗ್ಯಾಸ್ಕೆಟ್ ಹಾಳೆಯ ತುಂಡಿಗಿಂತ ಹಲವು ಪಟ್ಟು ದುಬಾರಿ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ 7 ಕೆ.ಜಿ. ಒತ್ತಡದಲ್ಲಿ ಮೂರು ಮಿ.ಮೀ. ರಂಧ್ರವೊಂದರಿಂದ ಗಂಟೆಗೆ 20ರಿಂದ 30 ಕೆ.ಜಿ. ಆವಿ ಸೋರಿಹೋಗುತ್ತದೆ. ಒಂದು ಕೆ.ಜಿ. ಹೊಟ್ಟಿನಿಂದ ಸುಮಾರು ಮೂರು ಕೆ.ಜಿ. ಆವಿ ಎಂದು ಹಿಡಿದರೆ, ದಿನಕ್ಕೆ ಇಪ್ಪತ್ತು ಗಂಟೆ ನಡೆಯುವ ಗಿರಣಿಯಲ್ಲಿ ಒಂದೂವರೆ ಕ್ವಿಂಟಲಿಗೂ ಮಿಕ್ಕ ಹೊಟ್ಟು ಬರಿದೆ ಉರಿಯುತ್ತದೆ. ಹೊಟ್ಟು ಮನೆಯದೇ ತಾನೇ ಎಂಬ ಕಾಲ ಮುಗಿದಿದೆ. ಅದನ್ನು ಕೊಳ್ಳುವ ಕಾರ್ಖಾನೆಗಳಿವೆ.

ಕಾನೂನು ನೋಡಿಕೊಳ್ಳುತ್ತದೆ ಎಂದು ಕೂರುವಂತೆಯೂ ಇಲ್ಲ. 3.5 ಕೆ.ಜಿ.ಗೂ ಹೆಚ್ಚಿನ ಒತ್ತಡದ ಆವಿಕೊಳವೆಯು 1923ರ ಬಾಯ್ಲರು ಕಾಯಿದೆಯ ವ್ಯಾಪ್ತಿಗೆ ಸೇರಿತ್ತು; ಆ ಕಾಯಿದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯಿದೆ ಜಾರಿಗೆ ಬಂದಿದೆ. ತನಿಖಾಧಿಕಾರಿಗಳು ಬರುವುದು ನಿಗದಿತ ಅವಧಿಗೊಮ್ಮೆ. ಗ್ಯಾಸ್ಕೆಟ್ ಸೋರುವುದು ಹಂಗಾಮಿನ ನಡುವೆ, ಅದೂ ರಾತ್ರಿ ಪಾಳಿಯಲ್ಲಿ.

ಒಂದು ಟಾರ್ಕ್ ರೆಂಚನ್ನು ಪ್ರತಿ ಗಿರಣಿಯೂ ಕೊಳ್ಳಬೇಕಾಗಿಲ್ಲ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಗಳಲ್ಲಿ ಗಿರಣಿ ಮಾಲೀಕರು ಕೂಡಿ ಊರಿಗೊಂದರಂತೆ ಇಟ್ಟುಕೊಂಡರೆ ಸಾಕು. ವಾಣಿಜ್ಯ ಸಂಘಗಳು ಫಿಟ್ಟರುಗಳಿಗೆ ಒಂದು ದಿನದ ತರಬೇತಿ ಏರ್ಪಡಿಸುವುದು ದೊಡ್ಡ ವೆಚ್ಚದ ಮಾತಲ್ಲ. ಬಿಡಿಭಾಗಗಳ ವ್ಯಾಪಾರಿಗಳು ತಮ್ಮ ಬಿಲ್ಲಿನಲ್ಲಿ ಇಂಚಿನ ಜೊತೆಗೆ ದರ್ಜೆಯನ್ನೂ ಮಾನಕವನ್ನೂ ಬರೆಯತೊಡಗಿದರೆ ಅರ್ಧ ಗೊಂದಲ ಅಲ್ಲಿಯೇ ಬಗೆಹರಿಯುತ್ತದೆ. ಟೇಬಲ್ ಇ, ಟೇಬಲ್ ಎಫ್ ಫ್ಲ್ಯಾಂಜುಗಳಿಗೆ ಹೊಂದುವ ಬಳೆಗಳು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಅಪರೂಪ; ತಯಾರಕರಿಗೆ ಅಳತೆ ಕೊಟ್ಟು ಮಾಡಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆದುದರಿಂದ ಭತ್ತದ ಕೊಯ್ಲು ಆರಂಭವಾಗುವ ಮುನ್ನ, ಬಾಯ್ಲರು ತಣ್ಣಗಿರುವ ದಿನಗಳಲ್ಲಿ, ಗಿರಣಿಯ ಪ್ರತಿಯೊಂದು ಫ್ಲ್ಯಾಂಜಿನ ಹೊರವ್ಯಾಸ, ಬೋಲ್ಟುಗಳ ಸಂಖ್ಯೆ ಮತ್ತು ಬೋಲ್ಟುಗಳ ವೃತ್ತದ ವ್ಯಾಸವನ್ನು ಅಳೆದು ಒಂದು ಪಟ್ಟಿ ಮಾಡಿಟ್ಟುಕೊಳ್ಳಬೇಕು. ಅಂಗಡಿಗೆ ಹೋಗುವ ಹುಡುಗನ ಕೈಗೆ ಹಣದೊಂದಿಗೆ ಆ ಪಟ್ಟಿಯನ್ನೂ ಕೊಟ್ಟರಾಯಿತು.