ದ್ರಾಕ್ಷಿಯ ಗೊಂಚಲು, ರೇಷ್ಮೆಯ ಎಳೆ

ಮಗು ಅಂಬೆಗಾಲಿಡತೊಡಗಿತೆಂದರೆ ಮನೆಯ ಕತ್ತರಿ, ಸೂಜಿ, ಔಷಧದ ಸೀಸೆಗಳೆಲ್ಲ ಮೇಲಿನ ಗೂಡು ಸೇರುತ್ತವೆ. ನಾಯಿಮರಿಯೋ ಬೆಕ್ಕಿನ ಮರಿಯೋ ಬಂದಾಗ ಆ ಎಚ್ಚರ ಯಾರಿಗೂ ನೆನಪಾಗದು. ಮನುಷ್ಯನಿಗೆ ಹಿತವಾದುದು ಅವಕ್ಕೂ ಹಿತವೆಂಬ ನಂಬಿಕೆಯೇ ಇದಕ್ಕೆ ಕಾರಣ. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಹೆಸರು ತಂದ ಎರಡು ವಸ್ತುಗಳೇ ಈ ನಂಬಿಕೆಯನ್ನು ಸುಳ್ಳುಮಾಡುತ್ತವೆ.

ಮೊದಲನೆಯದು ದ್ರಾಕ್ಷಿ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಸೀಮೆಯಲ್ಲಿ ಬೆಳೆಯುವ ‘ಬೆಂಗಳೂರು ಬ್ಲೂ’ ತಳಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಮಕ್ಕಳು ಅಕ್ಕರೆಯಿಂದ ಎಸೆಯುವ ಈ ಹಣ್ಣು ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು, ಒಣದ್ರಾಕ್ಷಿಯೂ ಅಷ್ಟೆ. ಒಂದು ನಾಯಿ ತಿಂದು ಅರಗಿಸಿಕೊಂಡಷ್ಟೇ ಹಣ್ಣು ಇನ್ನೊಂದಕ್ಕೆ ಮೃತ್ಯುವಾಗಬಹುದು. ಮೊದಲು ವಾಂತಿ, ಬಳಿಕ ಮಂಕು. ಎರಡು ಮೂರು ದಿನಗಳಲ್ಲಿ ಮೂತ್ರವೇ ನಿಂತುಹೋಗುವುದುಂಟು. ಇದಕ್ಕೆ ಟಾರ್ಟಾರಿಕ್ ಆಮ್ಲವೇ ಮೂಲವಿರಬೇಕೆಂದು ಪಶುವೈದ್ಯರು 2021ರಲ್ಲಿ ಸೂಚಿಸಿದರು. ನಮ್ಮ ಅಡಿಗೆಮನೆಯ ಹುಣಸೆಹಣ್ಣಿನಲ್ಲಿಯೂ ಆ ಆಮ್ಲ ಹೇರಳವಾಗಿದೆ. ಆದುದರಿಂದ ನಾಯಿ ದ್ರಾಕ್ಷಿ ತಿಂದುದು ತಿಳಿದೊಡನೆ, ವಾಂತಿಗಾಗಿ ಕಾಯದೆ, ವೈದ್ಯರಲ್ಲಿಗೆ ಒಯ್ಯಬೇಕು.

ಎರಡನೆಯದು ದೊಡ್ಡಬಳ್ಳಾಪುರದ ಮಗ್ಗದ ಎಳೆ. ಇಲಿಯ ಕಾಟ ತಪ್ಪಲೆಂದು ಸಾಕಿದ ಬೆಕ್ಕಿಗೆ ನೆಲದ ಮೇಲಿನ ತುಂಡುನೂಲು ಆಟದ ವಸ್ತು. ಅದರ ನಾಲಗೆಯ ಮೇಲಿನ ಮುಳ್ಳುಗಳು ಒಳಮುಖವಾಗಿ ಬಾಗಿರುವುದರಿಂದ ಬಾಯಿಗೆ ಬಂದ ಎಳೆಯನ್ನು ಉಗುಳುವುದು ಕಷ್ಟ. ನೂಲಿನ ಒಂದು ತುದಿ ನಾಲಗೆಯ ಬುಡದಲ್ಲಿಯೋ ಜಠರದಲ್ಲಿಯೋ ಸಿಕ್ಕಿಕೊಂಡರೆ, ಲಾಡಿಯ ಮೇಲೆ ಲಂಗ ನೆರಿಗೆಗಟ್ಟುವಂತೆ ಕರುಳು ಅದರ ಮೇಲೆ ನೆರಿಗೆಗಟ್ಟುತ್ತದೆ. ಬಿಗಿದ ನೂಲು ಕರುಳನ್ನೇ ಕೊಯ್ಯುತ್ತದೆ. ಬಾಯಲ್ಲಾಗಲಿ ಹಿಂಬದಿಯಲ್ಲಾಗಲಿ ಎಳೆಯ ತುದಿ ಕಂಡರೆ ಅದನ್ನು ಎಳೆಯಲೇಬಾರದು. ಹೊಲಿಗೆಯಂತ್ರವಿರುವ ಪಟ್ಟಣದ ಮನೆಗೂ ಈ ಮಾತು ಸಲ್ಲುತ್ತದೆ.

ಇವೆರಡಕ್ಕಿಂತ ಮರುಕದ ಸಂಗತಿ ಇನ್ನೊಂದು. ಜ್ವರದಿಂದ ನರಳುವ ಬೆಕ್ಕಿಗೆ ಕರುಣೆಯಿಂದ ಕೊಟ್ಟ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಆದರೂ ಅದರ ಪ್ರಾಣ ತೆಗೆಯಬಲ್ಲದು. ಆ ಔಷಧದ ವಿಷವನ್ನು ಕಳೆಯುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಮೆ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ತುಂಡುನೂಲಿಗೆ ಮುಚ್ಚಳದ ಡಬ್ಬಿ, ಸಂಜೆ ಒಮ್ಮೆ ಕಸಪೊರಕೆ, ಹಣ್ಣು ಎತ್ತರದಲ್ಲಿ, ಮಾತ್ರೆ ಬೀರುವಿನಲ್ಲಿ: ಇಷ್ಟಾದರೆ ಬಹುಪಾಲು ಅಪಾಯ ಕಳೆಯಿತು. ತನಗೆ ಒಗ್ಗದುದನ್ನು ಮೂಕಜೀವ ಬಾಯಿಬಿಟ್ಟು ಹೇಳಲಾರದು. ಮನೆಯವರೇ ಅರಿತು ನಡೆಯಬೇಕು.