ಚೆಲ್ಲಿದ ಕಿರಣದ ಲೆಕ್ಕವೂ ಫೈಲಿನಲ್ಲಿರಲಿ

ನಮ್ಮ ಸಂಬಂಧಿ ಮಹಿಳೆಯೊಬ್ಬರಿಗೆ ಸ್ತನ ಕ್ಯಾನ್ಸರ್ ಬಂದಾಗ ವಯಸ್ಸು ಮೂವತ್ತಾರು. ಶಸ್ತ್ರಚಿಕಿತ್ಸೆ, ಕೀಮೋ ಮುಗಿದ ಮೇಲೆ ರೇಡಿಯೋಥೆರಪಿಗೆ ಬರೆದುಕೊಟ್ಟರು. ನಮ್ಮೂರಿನ ಭಾಷೆಯಲ್ಲಿ ಹೇಳುವುದಾದರೆ 'ಕರೆಂಟ್ ಕೊಡಿಸುವುದು'. ಮೊದಲ ದಿನವೇ ಅವರು ಕೇಳಿದ್ದು ಇಷ್ಟು: "ಈ ಕಿರಣ ನನ್ನ ಇನ್ನೊಂದು ಎದೆಗೆ ತಾಗುವುದಿಲ್ಲವೇ? ಕುತ್ತಿಗೆಗೆ? ಮುಂದೆ ಮಗು ಆಗಬೇಕೆಂದರೆ ಹೊಟ್ಟೆಯೊಳಗೆ ಏನಾದರೂ ತೊಂದರೆ ಇದೆಯೇ?" ಅಲ್ಲಿದ್ದವರು, "ಏನೂ ಆಗುವುದಿಲ್ಲಮ್ಮ, ಹೆದರಬೇಡಿ" ಎಂದರು. ಮನೆಗೆ ಬಂದರೆ ನೋಡಲು ಬಂದ ಹೆಂಗಸರು, "ಕರೆಂಟ್ ಕೊಟ್ಟರೆ ಒಳಗೆಲ್ಲ ಸುಟ್ಟು ಹೋಗುತ್ತದಂತೆ" ಎಂದರು.

ಎರಡೂ ತಪ್ಪು. ಸತ್ಯ ಇವೆರಡರ ನಡುವೆ ಎಲ್ಲೋ ಇತ್ತು. ಅದು ಎಲ್ಲಿದೆ ಎಂದು ತೋರಿಸಲು ಒಂದು ಸಂಖ್ಯೆ ಬೇಕಿತ್ತು. ಆ ಸಂಖ್ಯೆಯನ್ನು ಯಾರೂ ಕೊಡಲಿಲ್ಲ.

ಸ್ತನ ಕ್ಯಾನ್ಸರ್‌ಗೆ ಈಗ ಸಾಮಾನ್ಯವಾಗಿ ಕೊಡುವ ಪ್ರಮಾಣ 40 ಗ್ರೇ. ಅದನ್ನು 15 ದಿನಗಳಲ್ಲಿ ಹಂಚಿ ಕೊಡುತ್ತಾರೆ. ಗ್ರೇ ಎಂದರೆ ದೇಹ ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನ. ಯಂತ್ರ ಎಷ್ಟೇ ನಿಖರವಾಗಿದ್ದರೂ ಗುರಿಯ ಹೊರಗೂ ಸ್ವಲ್ಪ ವಿಕಿರಣ ಚೆಲ್ಲುತ್ತದೆ. ಇದಕ್ಕೆ ಮೂರು ದಾರಿಗಳಿವೆ: ಯಂತ್ರದ ತಲೆಯಿಂದ ಸೋರಿಕೆ, ಕಿರಣಕ್ಕೆ ಆಕಾರ ಕೊಡುವ ಲೋಹದ ತಡೆಗಳಿಗೆ ಬಡಿದು ಚದುರುವುದು, ಮತ್ತು ರೋಗಿಯ ದೇಹದೊಳಗೇ ಚದುರುವುದು. ಮೊದಲ ಎರಡನ್ನು ಸೀಸದ ತಡೆಯಿಂದ ಒಂದಷ್ಟು ತಗ್ಗಿಸಬಹುದು. ಮೂರನೆಯದನ್ನು ಹೊರಗಿನ ಯಾವ ಹೊದಿಕೆಯೂ ತಡೆಯದು.

ಗುರಿಯಿಂದ ದೂರ ಹೋದಷ್ಟೂ ಇದು ಬೇಗ ಇಳಿಯುತ್ತದೆ. ಒಂದು ಅಂದಾಜಿನಂತೆ ಕಿರಣದ ಅಂಚಿನಿಂದ 10 ಸೆಂ.ಮೀ. ದೂರದಲ್ಲಿ ಗುರಿಗೆ ಕೊಟ್ಟದ್ದರ ಶೇ. 1ರಷ್ಟು, 30 ಸೆಂ.ಮೀ. ದೂರದಲ್ಲಿ ಶೇ. 0.1ರಿಂದ 0.2ರಷ್ಟು. ಅಂದರೆ 40 ಗ್ರೇ ಕೊಟ್ಟಾಗ ಅಂಡಾಶಯದ ಭಾಗಕ್ಕೆ ತಲುಪುವುದು ಒಂದು ಗ್ರೇಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂಡಾಶಯದ ಅರ್ಧದಷ್ಟು ಅಂಡಗಳು ನಾಶವಾಗಲು ಸುಮಾರು 2 ಗ್ರೇ ಬೇಕು ಎಂಬುದು ವೈದ್ಯಕೀಯ ಅಂದಾಜು. ನಮ್ಮ ಸಂಬಂಧಿಯ ಮಗುವಿನ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ಅವರು ಭಯಪಡಬೇಕಾದದ್ದು ಕೀಮೋ ಔಷಧಿಯ ಪರಿಣಾಮಕ್ಕೆ, ಕಿರಣಕ್ಕಲ್ಲ. ಎರಡು ಸಾಲಿನ ಈ ಲೆಕ್ಕ ಅವರಿಗೆ ಎಷ್ಟೋ ರಾತ್ರಿಗಳ ನಿದ್ದೆಯನ್ನು ಮರಳಿಸುತ್ತಿತ್ತು.

ಆದರೆ ಹತ್ತಿರದ ಅಂಗಗಳ ವಿಷಯ ಹಾಗಲ್ಲ. ಅಮೆರಿಕ ಮತ್ತು ಡೆನ್ಮಾರ್ಕ್‌ನ ಮಹಿಳೆಯರ ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 40ಕ್ಕಿಂತ ಕಡಿಮೆ ವಯಸ್ಸಿನಲ್ಲಿ ಚಿಕಿತ್ಸೆ ಪಡೆದು, ಇನ್ನೊಂದು ಸ್ತನದ ಯಾವುದಾದರೂ ಭಾಗಕ್ಕೆ 1 ಗ್ರೇಗಿಂತ ಹೆಚ್ಚು ತಗುಲಿದವರಲ್ಲಿ ಆ ಭಾಗದಲ್ಲಿ ಹೊಸ ಕ್ಯಾನ್ಸರ್‌ನ ಅಪಾಯ ಸುಮಾರು ಎರಡೂವರೆ ಪಟ್ಟು ಕಂಡುಬಂತು. 40 ದಾಟಿದವರಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. ಸ್ವೀಡನ್ ಮತ್ತು ಡೆನ್ಮಾರ್ಕ್‌ನ 2,168 ಮಹಿಳೆಯರ ಇನ್ನೊಂದು ಅಧ್ಯಯನ 2013ರಲ್ಲಿ ಬಂತು. ಹೃದಯಕ್ಕೆ ತಲುಪಿದ ಸರಾಸರಿ ಪ್ರಮಾಣ ಒಂದು ಗ್ರೇ ಹೆಚ್ಚಾದಂತೆ ಹೃದಯಾಘಾತದಂತಹ ತೊಂದರೆಗಳ ಅಪಾಯ ಶೇ. 7.4ರಷ್ಟು ಏರುತ್ತದೆ ಎಂದು ಅದು ತೋರಿಸಿತು. ಆದ್ದರಿಂದಲೇ ಎಡಭಾಗದ ಚಿಕಿತ್ಸೆಯಲ್ಲಿ ದೀರ್ಘ ಉಸಿರೆಳೆದು ಹಿಡಿಯುವಂತೆ ಹೇಳುವ ಕ್ರಮವಿದೆ. ಆಗ ಹೃದಯ ಕಿರಣದ ದಾರಿಯಿಂದ ಹಿಂದೆ ಸರಿಯುತ್ತದೆ.

ಇದನ್ನು ಓದಿ ಯಾರೂ ಚಿಕಿತ್ಸೆ ಬಿಡಬಾರದು. ಸ್ತನವನ್ನು ಉಳಿಸಿ ಮಾಡುವ ಶಸ್ತ್ರಚಿಕಿತ್ಸೆಯ ನಂತರ ರೇಡಿಯೋಥೆರಪಿ ಕೊಟ್ಟರೆ ಹತ್ತು ವರ್ಷಗಳೊಳಗೆ ರೋಗ ಮರುಕಳಿಸುವುದು ಸುಮಾರು ಶೇ. 35ರಿಂದ ಶೇ. 19ಕ್ಕೆ ಇಳಿಯುತ್ತದೆ. ಈ ಲಾಭದ ಮುಂದೆ ಚೆಲ್ಲಿದ ಕಿರಣದ ಅಪಾಯ ಬಹಳ ಸಣ್ಣದು. ಸಣ್ಣದು ಎಂದಮಾತ್ರಕ್ಕೆ ಲೆಕ್ಕ ಇಡಬಾರದು ಎಂದಲ್ಲ.

ಲೆಕ್ಕ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1948ರಿಂದ 1960ರ ನಡುವೆ ಇಸ್ರೇಲ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ತಲೆಗೆ ಹುಳುಕಡ್ಡಿ ರೋಗದ ಚಿಕಿತ್ಸೆಯೆಂದು ಎಕ್ಸ್-ರೇ ಕೊಟ್ಟರು. ಕಿರಣ ಬಿದ್ದದ್ದು ನೆತ್ತಿಗೆ. ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ ಎಷ್ಟು ತಲುಪಿತು ಎಂದು ಆಗ ಯಾರೂ ಬರೆದಿಡಲಿಲ್ಲ. ವರ್ಷಗಳ ನಂತರ ಮಗುವಿನ ತಲೆಯ ಮಾದರಿಯನ್ನಿಟ್ಟು ಅಳೆದು ನೋಡಿದರೆ ಅದು ಸರಾಸರಿ 0.09 ಗ್ರೇ ಮಾತ್ರ. ಅಷ್ಟಕ್ಕೇ ಆ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿತ್ತು. ದೊಡ್ಡವರ ಥೈರಾಯ್ಡ್ ಇಷ್ಟು ಸೂಕ್ಷ್ಮವಲ್ಲ ನಿಜ. ಆದರೆ ಅಂದು ಬರೆಯದ ಲೆಕ್ಕವನ್ನು ಮುಂದೆ ಬೇರೆಯವರು ಹುಡುಕಬೇಕಾಗುತ್ತದೆ ಎಂಬ ಪಾಠ ಇಲ್ಲಿದೆ.

ಚಿಕಿತ್ಸೆಯ ಕಂಪ್ಯೂಟರ್ ಎಲ್ಲವನ್ನೂ ಲೆಕ್ಕ ಹಾಕುತ್ತದಲ್ಲ ಎಂದು ಕೆಲವರು ಕೇಳಬಹುದು. ಅದು ಗುರಿಯ ಒಳಗೆ ಮತ್ತು ಅಂಚಿನ ಬಳಿ ಚೆನ್ನಾಗಿ ಲೆಕ್ಕ ಹಾಕುತ್ತದೆ. ಹೃದಯದ ಸರಾಸರಿಯನ್ನು ಅದರಿಂದಲೇ ಪಡೆಯಬಹುದು. ಗುರಿಯಿಂದ ದೂರ ಹೋದಂತೆ ಅದು ತೋರಿಸುವುದು ನಿಜವಾದ ಪ್ರಮಾಣಕ್ಕಿಂತ ಸಾಮಾನ್ಯವಾಗಿ ಕಡಿಮೆ. ಅಲ್ಲಿ ಬೇರೆ ದಾರಿ ಬೇಕು: ಮನುಷ್ಯಾಕಾರದ ಮಾದರಿಯಲ್ಲಿ ಮೊದಲೇ ಅಳೆದಿಟ್ಟ ಕೋಷ್ಟಕ, ಅಥವಾ ರೋಗಿಯ ಚರ್ಮದ ಮೇಲಿಡುವ ಟಿಎಲ್‌ಡಿ ಎಂಬ ಪುಟ್ಟ ಹರಳು. ಈ ಹರಳು ವಿಕಿರಣವನ್ನು ಹಿಡಿದಿಟ್ಟುಕೊಂಡು, ಬಿಸಿ ಮಾಡಿದಾಗ ಬೆಳಕಾಗಿ ಹೊರಬಿಡುತ್ತದೆ. ಆ ಬೆಳಕೇ ಅಳತೆ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಇದಕ್ಕೆಂದೇ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಆಸ್ಪತ್ರೆಗಳಲ್ಲಿ ಎಷ್ಟು ನೂಕುನುಗ್ಗಲು ಎಂಬುದು ನಮಗೆಲ್ಲ ಗೊತ್ತು. ಪ್ರತಿಯೊಬ್ಬರ ಮೇಲೂ ಹರಳಿಟ್ಟು ಅಳೆಯಿರಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳು, ಗರ್ಭಿಣಿಯರು, ಪೇಸ್‌ಮೇಕರ್ ಇರುವವರು, ನಲವತ್ತು ದಾಟದ ಮಹಿಳೆಯರು, ಇಷ್ಟು ಮಂದಿಗೆ ಪ್ರತ್ಯೇಕ ಅಂದಾಜು ಮಾಡಿದರೆ ಸಾಕು. ಉಳಿದವರಿಗೆ ಕೋಷ್ಟಕ ನೋಡಿ ಒಂದು ಸಾಲು ಬರೆದರೆ ಆಯಿತು. ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಪ್ರತಿ ರೇಡಿಯೋಥೆರಪಿ ಕೇಂದ್ರದಲ್ಲೂ ವೈದ್ಯಕೀಯ ಭೌತವಿಜ್ಞಾನಿ ಇರಲೇಬೇಕು. ಈ ಕೆಲಸ ಬಲ್ಲವರು ಅಲ್ಲೇ ಇದ್ದಾರೆ. ಅವರನ್ನು ಕೇಳುವವರು ಇಲ್ಲ, ಅಷ್ಟೇ.

ಹೇಳಿದರೆ ರೋಗಿ ಹೆದರುತ್ತಾಳೆ ಎನ್ನುವವರಿದ್ದಾರೆ. ನಾನು ಕಂಡದ್ದು ಬೇರೆ. ಉತ್ತರ ಸಿಗದವಳು ಹೆದರುತ್ತಾಳೆ. ಹೆದರಿದವಳು ಅರ್ಧದಲ್ಲೇ ಚಿಕಿತ್ಸೆ ಬಿಟ್ಟು ನಾಟಿ ಮದ್ದಿನ ಹಿಂದೆ ಹೋಗುತ್ತಾಳೆ.

ನಮ್ಮ ಹೆಣ್ಣುಮಕ್ಕಳಲ್ಲಿ ಹಲವರಿಗೆ ಗಂಡಸು ವೈದ್ಯರ ಮುಂದೆ ಎದೆ, ಗರ್ಭ ಎಂಬ ಮಾತೆತ್ತಲು ಸಂಕೋಚ. ಜೊತೆಗೆ ಹೋಗುವ ಗಂಡ, ಮಗ, ಅಣ್ಣ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ: ಹೃದಯಕ್ಕೆ ಸರಾಸರಿ ಎಷ್ಟು? ಇನ್ನೊಂದು ಸ್ತನಕ್ಕೆ ಎಷ್ಟು? ಥೈರಾಯ್ಡ್‌ಗೆ ಎಷ್ಟು? ಅಂಡಾಶಯಕ್ಕೆ ಎಷ್ಟು? ಗರ್ಭ ನಿಂತಿರುವ ಸಂಶಯವಿದ್ದರೆ ಮೊದಲ ದಿನಕ್ಕೂ ಮುಂಚೆಯೇ ತಿಳಿಸಿ. ಉತ್ತರವನ್ನು ಡಿಸ್ಚಾರ್ಜ್ ಹಾಳೆಯಲ್ಲಿ ಬರೆದುಕೊಡಲು ಕೇಳಿ, ಆ ಹಾಳೆಯನ್ನು ಮನೆಪತ್ರದ ಜೊತೆ ಜೋಪಾನವಾಗಿಡಿ.

ನಮ್ಮ ಸಂಬಂಧಿ ಈಗ ಗುಣಮುಖರಾಗಿದ್ದಾರೆ. ವರ್ಷಕ್ಕೊಮ್ಮೆ ಇನ್ನೊಂದು ಸ್ತನದ ಮ್ಯಾಮೋಗ್ರಾಂ ಮಾಡಿಸುತ್ತಾರೆ. ಹೊಸ ವೈದ್ಯರು ಪ್ರತಿಬಾರಿ, "ಆಗ ಈ ಕಡೆಗೆ ಎಷ್ಟು ತಗುಲಿತ್ತು?" ಎಂದು ಕೇಳುತ್ತಾರೆ. ಅವರ ದಪ್ಪ ಫೈಲಿನಲ್ಲಿ ಬಿಲ್ಲುಗಳೆಲ್ಲ ಇವೆ. ಆ ಒಂದು ಸಾಲು ಇಲ್ಲ.