ಪ್ರಶಸ್ತಿಗೂ ಮೊದಲು ಪಾತ್ರ ಬೇಕು

ಫ್ರೆಂಡ್ಸ್, ಆಸ್ಕರ್ ಸೀಸನ್ ಬಂತು ಅಂದ್ರೆ ಎಲ್ಲರ ಸ್ಟೋರಿಯಲ್ಲೂ ಒಂದೇ ಗಲಾಟೆ: "ಇವ್ರಿಗೆ ಸಿಗ್ಬೇಕಿತ್ತು, ಅವ್ರಿಗೆ ಯಾಕೆ ಕೊಟ್ರು?" ಅದಕ್ಕೂ ಮೊದಲು ಕೇಳ್ಬೇಕಾದ ಪ್ರಶ್ನೆ ಇನ್ನೊಂದಿದೆ. ಪಾತ್ರ ಯಾರಿಗೆ ಸಿಕ್ಕಿತ್ತು?

1940ರಲ್ಲಿ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಆದ್ರು. ಪಾತ್ರ ಮನೆಗೆಲಸದವಳದ್ದು. ಆ ರಾತ್ರಿ ಅವರನ್ನ ಕೂರಿಸಿದ್ದು ಗೋಡೆ ಪಕ್ಕದ ಬೇರೆ ಟೇಬಲ್‌ನಲ್ಲಿ. ಕಪ್ಪು ನಟಿಯೊಬ್ಬರು 'ಅತ್ಯುತ್ತಮ ನಟಿ' ಆಗೋಕೆ 2002 ಬರಬೇಕಾಯ್ತು: ಹ್ಯಾಲಿ ಬೆರ್ರಿ. 2015, 2016 ಎರಡೂ ವರ್ಷ ನಟನೆಗೆ ನಾಮಿನೇಟ್ ಆದ 20 ಜನರೂ ಬಿಳಿಯರೇ. 2015ರಲ್ಲಿ ಎಮ್ಮಿ ಗೆದ್ದ ವಯೋಲಾ ಡೇವಿಸ್ ವೇದಿಕೆ ಮೇಲೆ ಹೇಳಿದ್ದರ ಸಾರ ಇಷ್ಟೇ: ಇಲ್ಲದ ಪಾತ್ರಕ್ಕೆ ಪ್ರಶಸ್ತಿ ಎಲ್ಲಿಂದ ಬರುತ್ತೆ?

ಅಮೆರಿಕದ ಕಥೆ ಅಂತ ಸ್ಕ್ರಾಲ್ ಮಾಡ್ಬೇಡಿ ಮಾರಾಯ್ರೆ. ಸೊರಬದಿಂದ ಶಿರಸಿ ದಾಟಿ ಹೋದ್ರೆ ಯಲ್ಲಾಪುರ, ಅಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ತಂದವರ ವಂಶದವರು. ಶತಮಾನಗಳಿಂದ ಇದೇ ಕಾಡು, ಇದೇ ಮಳೆ. ಆದ್ರೂ ಪೇಟೆಗೆ ಬಂದ್ರೆ "ಯಾವ ದೇಶ?" ಅಂತ ಕೇಳ್ತಾರೆ.

ಪ್ರತಿಭೆ ಕಮ್ಮಿನಾ? 1980ರ ದಶಕದಲ್ಲೇ ನೀನಾಸಂನ ಚಿದಂಬರರಾವ್ ಜಂಬೆಯವರು ಸಿದ್ದಿಗಳನ್ನೇ ರಂಗಕ್ಕೆ ತಂದು ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು ನಾಟಕ ಮಾಡಿಸಿದ್ರು. ಪ್ರಶಾಂತ್ ಸಿದ್ದಿ ಕಲಿತಿದ್ದೂ ನಮ್ಮ ಪಕ್ಕದ ಹೆಗ್ಗೋಡಿನಲ್ಲೇ. 'ಪರಮಾತ್ಮ' (2011) ಆದ್ಮೇಲೆ ಅವರನ್ನ ಎಷ್ಟೋ ಸಿನಿಮಾದಲ್ಲಿ ನೋಡಿದ್ದೀವಿ, ಹೆಚ್ಚಾಗಿ ಪೋಷಕ ಪಾತ್ರದಲ್ಲಿ. 'ಸಲಗ' (2021) ಚಿತ್ರಕ್ಕೆ ಸಿದ್ದಿ ಗಾಯಕಿಯರು ಹಾಡಿದ ಹಾಡಿಗೆ ರೀಲ್ಸ್ ಮಾಡಿದವರಲ್ಲಿ ನಾವೂ ಇದ್ದೀವಿ. ಹಾಡು ಬೇಕು, ಕುಣಿತ ಬೇಕು. ಕಥೆ ಮಾತ್ರ ಬೇರೆಯವರದ್ದು.

"ಚೆನ್ನಾಗಿ ಆಕ್ಟ್ ಮಾಡಿದ್ರೆ ಪ್ರಶಸ್ತಿ ತಾನಾಗೇ ಬರುತ್ತೆ" ಅಂತೀರಾ? ನಮ್ಮ ರಾಜ್ಯ ಪ್ರಶಸ್ತಿಯಲ್ಲಿ ನಾಯಕ ನಟನಿಗೆ ಕೊಡೋದು ಸುಬ್ಬಯ್ಯ ನಾಯ್ಡು ಹೆಸರಲ್ಲಿ, ಪೋಷಕ ನಟನಿಗೆ ಕೆ.ಎಸ್. ಅಶ್ವಥ್ ಹೆಸರಲ್ಲಿ. ಅಶ್ವಥ್ ಅವರಿಗೆ ಅಪ್ಪನ, ಮೇಷ್ಟ್ರ ತುಂಬು ಪಾತ್ರಗಳು ಸಿಕ್ಕವು. ಎರಡು ನಿಮಿಷ ಬಂದು ನಗಿಸಿ ಹೋಗೋ ಪಾತ್ರದಲ್ಲಿ ಜ್ಯೂರಿ ಏನು ನೋಡ್ಬೇಕು? ಸಿದ್ದಿ ನಟನಿಗೆ 'ಸಿದ್ದಿ ಪಾತ್ರ'ವೇ ಆಗ್ಬೇಕಂತಲೂ ಇಲ್ಲ. ಮೇಷ್ಟ್ರಾಗ್ಲಿ, ಡಾಕ್ಟರ್ ಆಗ್ಲಿ, ಪ್ರೀತಿಸೋ ಹುಡುಗ ಆಗ್ಲಿ.

ನಾವು ಜ್ಯೂರಿ ಅಲ್ಲ, ನಿಜ. ಆದ್ರೆ ಶಿಕಾರಿಪುರ, ಸೊರಬದ ಕಾಲೇಜ್ ಡೇ ಸ್ಕಿಟ್‌ಗೆ ಪಾತ್ರ ಹಂಚೋದು ನಾವೇ. ಕಳ್ಳ, ರೌಡಿ, ರಾಕ್ಷಸ ಅಂದ ಕೂಡ್ಲೇ ಮುಖಕ್ಕೆ ಮಸಿ ಬಳಿಯೋದನ್ನ ಈ ವರ್ಷವೇ ಬಿಡೋಣ. ಕಪ್ಪಗಿರೋ ಗೆಳತಿಗೆ ನಾಯಕಿ ಪಾತ್ರ ಕೊಡೋಣ.

ನಿಮ್ಮ ಕ್ಲಾಸಿನ ಸ್ಕಿಟ್‌ನಲ್ಲಿ ನಾಯಕಿ ಯಾರು? ಕಮೆಂಟಲ್ಲಿ ಹೇಳಿ 👇🏾

#ಪಾತ್ರಬೇಕು #ಸಿದ್ದಿಕಲಾವಿದರು #ಶಿಕಾರಿಪುರ #ಸೊರಬ